ತಿದ್ದುವ ಕೈಯ ಧರ್ಮ

ತನ್ನ ಲೆಕ್ಕವನ್ನು ತಾನೇ ಬರೆದುಕೊಂಡ ಗೃಹಸ್ಥನೊಬ್ಬನ ತಪ್ಪು ಇನ್ನೊಬ್ಬನ ಕಣ್ಣಿಗೆ ಬಿದ್ದ ಮೇಲೆ ಆ ತಪ್ಪು ಯಾರದು? ಬರೆದವನದೋ, ಕಂಡವನದೋ, ಇಬ್ಬರದೋ? ಮೇಲುನೋಟಕ್ಕೆ ಸುಲಭವೆಂದು ತೋರುವ ಈ ಪ್ರಶ್ನೆ ವ್ಯವಹಾರಕ್ಕೆ ಇಳಿದಾಗ ಸುಲಭವಾಗಿ ಉಳಿಯುವುದಿಲ್ಲ. ತಪ್ಪನ್ನು ಕಾಣುವವರೆಗೆ ನೋಡುವವನು ಹೊರಗಿನವನು. ಕಂಡ ಕ್ಷಣದಿಂದ ಅವನೂ ಆ ಲೆಕ್ಕದ ಒಳಗಿನವನು. ಅರಿಯದೆ ಆದ ದೋಷವು ಅರಿತೂ ಉಳಿಸಿಕೊಂಡ ದೋಷವಾಗಿ ಮಾರ್ಪಡುವ ಸಂಧಿಕಾಲವೂ ಅದೇ. ಆದುದರಿಂದ ತಪ್ಪು ಮಾಡಿದವನ ಹೊಣೆಯನ್ನು ಕುರಿತು ಚಿಂತಿಸಿದಷ್ಟೇ ಎಚ್ಚರದಿಂದ ತಪ್ಪನ್ನು ತಿದ್ದುವವನ ಹೊಣೆಯನ್ನು ಕುರಿತೂ ಚಿಂತಿಸುವುದು ಅಗತ್ಯ.

ಈ ಪ್ರಶ್ನೆಯನ್ನು ವರ್ಷವರ್ಷವೂ ಮನೆಬಾಗಿಲಿಗೆ ತರುವುದು ಆದಾಯ ತೆರಿಗೆ. 1961ರ ಆದಾಯ ತೆರಿಗೆ ಕಾಯಿದೆ ಬಹುಮಟ್ಟಿಗೆ ನಂಬಿಕೆಯ ಮೇಲೆ ನಿಂತ ಶಾಸನ. ವರ್ಷದ ಆದಾಯವೆಷ್ಟು, ಅದರಲ್ಲಿ ಕಳೆಯತಕ್ಕದ್ದೆಷ್ಟು, ಕೊಡಬೇಕಾದ ತೆರಿಗೆಯೆಷ್ಟು ಎಂಬುದನ್ನು ಮೊದಲು ಹೇಳುವ ಹೊಣೆ ತೆರಿಗೆದಾರನದೇ. ಎಲ್ಲರೂ ರಿಟರ್ನ್ ಎಂದು ಕರೆಯುವ ವಿವರಪಟ್ಟಿಯನ್ನು ಯಾರೇ ಸಿದ್ಧಪಡಿಸಿರಲಿ, ವ್ಯಕ್ತಿಯ ವಿವರಪಟ್ಟಿಯನ್ನು ಸಾಮಾನ್ಯವಾಗಿ ಆ ವ್ಯಕ್ತಿಯೇ ದೃಢೀಕರಿಸಬೇಕೆಂದು ಆ ಕಾಯಿದೆಯ 140ನೆಯ ಸೆಕ್ಷನ್ ವಿಧಿಸಿತು. ತಾನು ತಿಳಿದಂತೆ ಮತ್ತು ನಂಬಿದಂತೆ ಇದು ಸರಿಯಾದುದು, ಪೂರ್ಣವಾದುದು ಎಂದು ಅವನು ತನ್ನ ಹೆಸರಿನಲ್ಲಿ ಹೇಳಬೇಕು. 2025ರ ಹೊಸ ಆದಾಯ ತೆರಿಗೆ ಕಾಯಿದೆಯನ್ನು 2026ರ ಏಪ್ರಿಲ್ 1ರಿಂದ ಅನ್ವಯವಾಗುವಂತೆ ರೂಪಿಸಲಾಯಿತು. ಸೆಕ್ಷನ್ನುಗಳ ಸಂಖ್ಯೆ ಬದಲಾದರೂ ಈ ಮೂಲತತ್ತ್ವ ಬದಲಾಗಲಿಲ್ಲ.

ಒಂದು ಕಾಲದಲ್ಲಿ ಈ ವಿವರಪಟ್ಟಿಯನ್ನು ಬರೆಯುವ ಕೆಲಸ ಬಹುತೇಕ ಲೆಕ್ಕಪರಿಶೋಧಕರ ಮತ್ತು ತೆರಿಗೆ ವಕೀಲರ ಮೇಜಿನ ಮೇಲೆಯೇ ನಡೆಯುತ್ತಿತ್ತು. ಗಣಕಯಂತ್ರ ಮನೆಮನೆಗೆ ಬಂದ ಮೇಲೆ ಸಂಬಳದವರೂ ಪಿಂಚಣಿದಾರರೂ ಸಣ್ಣ ವ್ಯಾಪಾರಿಗಳೂ ತಾವೇ ಅದನ್ನು ತುಂಬಿ ಕಳುಹಿಸತೊಡಗಿದರು. 2009ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಕೇಂದ್ರೀಕೃತ ಸಂಸ್ಕರಣಾ ಕೇಂದ್ರದಲ್ಲಿ ಆ ವಿವರಪಟ್ಟಿಗಳನ್ನು ಯಂತ್ರಗಳೇ ತಾಳೆ ನೋಡುತ್ತವೆ. ಆದರೆ ಯಂತ್ರವು ಹೇಳಿದ್ದನ್ನು ಹೇಳಿದ್ದರೊಡನೆ ಹೋಲಿಸಬಲ್ಲುದೇ ಹೊರತು, ಯಾರೂ ಹೇಳದೆ ಬಿಟ್ಟುದನ್ನು ಕಾಣಲಾರದು. ಹೀಗಾಗಿ ತೆರಿಗೆ ಸಲಹೆಗಾರನಿಗೆ ಒಂದು ಹೊಸ ಬಗೆಯ ಕೆಲಸ ಒದಗಿತು. ಜನ ತಾವೇ ಬರೆದ ವಿವರಪಟ್ಟಿಯನ್ನು ತಂದು ಮುಂದಿಟ್ಟು, "ಒಮ್ಮೆ ನೋಡಿಕೊಡಿ" ಎನ್ನುತ್ತಾರೆ. ಈ ಎರಡು ಮಾತುಗಳಲ್ಲಿ ಎಷ್ಟು ಭಾರವಿದೆ ಎಂಬುದನ್ನು ಹೇಳುವವರೂ ಕೇಳುವವರೂ ಆಗಾಗ ಮರೆಯುತ್ತಾರೆ.

ವಿಚಾರ ಸ್ಪಷ್ಟವಾಗಲು ಒಂದು ಪ್ರಸಂಗವನ್ನು ಕಲ್ಪಿಸಿಕೊಳ್ಳಬಹುದು. ಸರ್ಕಾರಿ ಕಾಲೇಜಿನ ಅಧ್ಯಾಪಕರಾಗಿ ನಿವೃತ್ತರಾಗಿ ತೀರಿಕೊಂಡ ಒಬ್ಬರ ಪತ್ನಿ, ವಯಸ್ಸು ಅರುವತ್ತಾರು. 2021–22ನೆಯ ಹಣಕಾಸು ವರ್ಷದಲ್ಲಿ ಅವರಿಗೆ ಬಂದ ಕುಟುಂಬ ಪಿಂಚಣಿ 4,20,000 ರೂ. ಪತಿ ಉಳಿಸಿಹೋದ ಹಣ ಎರಡು ಕಡೆ ನಿಶ್ಚಿತ ಠೇವಣಿಯಾಗಿದೆ. ಒಂದು ಬ್ಯಾಂಕು 1,00,000 ರೂ. ಬಡ್ಡಿ ಕೊಟ್ಟು, ಅದರಲ್ಲಿ 10,000 ರೂ. ತೆರಿಗೆಯನ್ನು ಮೂಲದಲ್ಲಿಯೇ ಹಿಡಿದಿದೆ. ಊರಿನ ಸಹಕಾರಿ ಬ್ಯಾಂಕು 48,000 ರೂ. ಬಡ್ಡಿ ಕೊಟ್ಟಿದೆ, ಹಿರಿಯ ನಾಗರಿಕರಿಗೆ ಆಗ ಇದ್ದ 50,000 ರೂಪಾಯಿಯ ಮಿತಿಯೊಳಗೆ ಇದ್ದುದರಿಂದ ತೆರಿಗೆ ಹಿಡಿದಿಲ್ಲ. 2022ರ ಜುಲೈಯಲ್ಲಿ ಮೊಮ್ಮಗನ ನೆರವಿನಿಂದ ಅವರು ವಿವರಪಟ್ಟಿಯನ್ನು ತಾವೇ ತುಂಬಿದರು. ಹಿಡಿದ ತೆರಿಗೆ ಮರುಪಾವತಿಯಾಗಿ 10,000 ರೂ. ಖಾತೆಗೆ ಬಂತು. ನವೆಂಬರಿನಲ್ಲಿ ನೆರೆಮನೆಯವರಿಗೆ ಇಲಾಖೆಯ ನೋಟೀಸು ಬಂದ ಸುದ್ದಿ ಕೇಳಿ ಗಾಬರಿಯಾಗಿ, ಅವರು ತಮ್ಮ ಕಾಗದಗಳನ್ನು ತೆರಿಗೆ ಸಲಹೆಗಾರರೊಬ್ಬರ ಬಳಿಗೆ ತಂದರು.

ಸಲಹೆಗಾರರು ಕಾಗದಗಳನ್ನು ಬಿಡಿಸಿ ನೋಡುತ್ತಲೇ ಮೂರು ತಪ್ಪುಗಳು ಕಾಣುತ್ತವೆ. ಒಂದನೆಯದು, ಕುಟುಂಬ ಪಿಂಚಣಿಯನ್ನು ಸಂಬಳವೆಂದು ತೋರಿಸಿ 50,000 ರೂಪಾಯಿಯ ಪ್ರಮಾಣಿತ ಕಡಿತವನ್ನು ಕಳೆಯಲಾಗಿದೆ. ನೌಕರನಾಗಿದ್ದವನ ಪಿಂಚಣಿ ಸಂಬಳದ ಶೀರ್ಷಿಕೆಗೆ ಸೇರುತ್ತದೆ. ಅವನ ಮರಣಾನಂತರ ಕುಟುಂಬಕ್ಕೆ ಬರುವ ಪಿಂಚಣಿ ಇತರ ಮೂಲಗಳ ಆದಾಯ. ಅದರಲ್ಲಿ ಆಗ ಕಳೆಯಬಹುದಾಗಿದ್ದುದು ಮೂರನೆಯ ಒಂದು ಭಾಗ ಅಥವಾ 15,000 ರೂ., ಯಾವುದು ಕಡಿಮೆಯೋ ಅಷ್ಟು ಮಾತ್ರ. ಎರಡನೆಯದು, ಸಹಕಾರಿ ಬ್ಯಾಂಕಿನ ಬಡ್ಡಿಯನ್ನು ತೋರಿಸಿಯೇ ಇಲ್ಲ. ತೆರಿಗೆ ಹಿಡಿಯದ ಬಡ್ಡಿಗೆ ತೆರಿಗೆಯೇ ಇಲ್ಲವೆಂಬುದು ಬಹಳ ಜನರ ತಿಳಿವಳಿಕೆ. ಈ ಹಿರಿಯರದೂ ಅದೇ. ಮೂರನೆಯ ತಪ್ಪು ಅವರಿಗೇ ನಷ್ಟ ತಂದದ್ದು: ಹಿರಿಯ ನಾಗರಿಕರ ಠೇವಣಿ ಬಡ್ಡಿಗೆ ಹಳೆಯ ತೆರಿಗೆ ಪದ್ಧತಿಯಲ್ಲಿ ದೊರೆಯುತ್ತಿದ್ದ 50,000 ರೂ. ವಿನಾಯಿತಿಯನ್ನು ಅವರು ಕೇಳಿಯೇ ಇರಲಿಲ್ಲ.

ಅವರು ಬರೆದ ಪ್ರಕಾರ ಒಟ್ಟು ಆದಾಯ 4,70,000 ರೂ. 5 ಲಕ್ಷದೊಳಗಿನ ಆದಾಯಕ್ಕೆ ಆಗ ಪೂರ್ಣ ರಿಯಾಯಿತಿ ಇದ್ದುದರಿಂದ ತೆರಿಗೆ ಶೂನ್ಯ. ಮೂರೂ ತಪ್ಪುಗಳನ್ನು ತಿದ್ದಿದರೆ ಪಿಂಚಣಿಯಿಂದ 4,05,000, ಬಡ್ಡಿಯಿಂದ 1,48,000, ವಿನಾಯಿತಿ 50,000. ನಿವ್ವಳ ಆದಾಯ 5,03,000 ರೂ. ಮಿತಿಯನ್ನು ದಾಟಿದ್ದು ಕೇವಲ 3,000 ರೂ. ಆದರೆ ಮಿತಿ ದಾಟಿದೊಡನೆ ರಿಯಾಯಿತಿ ಪೂರ್ತಿಯಾಗಿ ತಪ್ಪಿ, ಉಪಕರವೂ ಸೇರಿ ತೆರಿಗೆ 11,024 ರೂಪಾಯಿ ಆಗುತ್ತದೆ. ಬಂದ ಮರುಪಾವತಿಯನ್ನು ಹಿಂದಿರುಗಿಸಿ ಮೇಲೆ ಒಂದು ಸಾವಿರಕ್ಕೂ ಹೆಚ್ಚು ಕೊಡಬೇಕು. ಸಹಕಾರಿ ಬ್ಯಾಂಕಿನ ಬಡ್ಡಿ ಇಲಾಖೆಯ ವಾರ್ಷಿಕ ಮಾಹಿತಿ ಪಟ್ಟಿಯಲ್ಲಿ ಕಾಣಿಸಿಕೊಂಡಿಲ್ಲವೆಂದೂ ಭಾವಿಸೋಣ. ಅಂದರೆ ಆ ಕೋಣೆಯಲ್ಲಿರುವ ಇಬ್ಬರನ್ನು ಬಿಟ್ಟರೆ ಈ ಸಂಗತಿ ಮೂರನೆಯವರಿಗೆ ತಿಳಿಯುವ ಸಂಭವ ಕಡಿಮೆ. ಸಲಹೆಗಾರರು ಈಗ ಏನು ಮಾಡಬೇಕು?

ಮೊದಲು ಮನಸ್ಸಿಗೆ ಬರುವ ದಾರಿ ಮೌನ. "ಎಲ್ಲ ಸರಿಯಾಗಿದೆ, ಹೋಗಿಬನ್ನಿ" ಎಂದರೆ ಸಾಕು. ಹಿರಿಯರಿಗೆ ನೆಮ್ಮದಿ, ತನಗೂ ಒಂದು ತೊಡಕು ಕಡಿಮೆ. ತಾನು ಬರೆದ ಲೆಕ್ಕವಲ್ಲ, ತಾನು ಹಾಕಿದ ಸಹಿಯಲ್ಲ, ಹಣವೂ ತನ್ನದಲ್ಲ. ಆದುದರಿಂದ ಪಾಪವೂ ತನ್ನದಲ್ಲ ಎಂಬ ವಾದ ಇಲ್ಲಿ ಸಿದ್ಧವಾಗಿಯೇ ಇರುತ್ತದೆ. ಆದರೆ ಕೃತ, ಕಾರಿತ, ಅನುಮತ ಎಂದು ಕರ್ಮದ ಹೊಣೆಯನ್ನು ಮೂರಾಗಿ ವಿಂಗಡಿಸಿದ ಪರಂಪರೆ ಈ ವಾದವನ್ನು ಒಪ್ಪಲಾರದು. ತಾನೇ ಮಾಡಿದ್ದು, ಇನ್ನೊಬ್ಬರಿಂದ ಮಾಡಿಸಿದ್ದು, ಇನ್ನೊಬ್ಬರು ಮಾಡಿದ್ದಕ್ಕೆ ಸಮ್ಮತಿಸಿದ್ದು, ಈ ಮೂರೂ ಆಸ್ರವದ ದ್ವಾರಗಳೇ. ಸುಮ್ಮನೆ ದಾರಿಯಲ್ಲಿ ಹೋಗುವವನ ಮೌನ ಬೇರೆ, ನೋಡಿಕೊಡಿ ಎಂದು ಕೇಳಿಸಿಕೊಂಡವನ ಮೌನ ಬೇರೆ. ನೋಡುವ ಕೆಲಸವನ್ನು ಒಪ್ಪಿಕೊಂಡವನು ಕಂಡೂ ಸುಮ್ಮನಿದ್ದರೆ ಆ ಮೌನವೇ "ಸರಿಯಾಗಿದೆ" ಎಂಬ ಮಾತಾಗುತ್ತದೆ. ಮಾತನಾಡದೆಯೂ ಅವನು ಅಸತ್ಯವನ್ನು ನುಡಿದಂತಾಯಿತು.

ಅದಕ್ಕಿಂತ ಸೂಕ್ಷ್ಮವಾದ ಅಂಶ ಇನ್ನೊಂದಿದೆ. ಜುಲೈಯಲ್ಲಿ ವಿವರಪಟ್ಟಿ ಕಳುಹಿಸಿದಾಗ ಆ ಹಿರಿಯರು ತಪ್ಪು ಮಾಡಿದ್ದರು, ಸುಳ್ಳು ಹೇಳಿರಲಿಲ್ಲ. ತಿಳಿದಂತೆ, ನಂಬಿದಂತೆ ಹೇಳಿದ್ದರು. ಅವರ ಈ ನಿರ್ದೋಷ ಸ್ಥಿತಿಯನ್ನು ಉಳಿಸಿಕೊಡುವುದು ಸಲಹೆಗಾರರ ಕೈಯಲ್ಲಿದೆ. ಸತ್ಯವನ್ನು ಮುಚ್ಚಿಟ್ಟರೆ ಅವರ ಹೆಸರಿನಲ್ಲಿ ಒಂದು ಅಸತ್ಯ ದಾಖಲೆಯಾಗಿಯೇ ಉಳಿಯುತ್ತದೆ. ಅದು ಉಳಿದಿದೆಯೆಂಬುದು ಅವರಿಗೆ ತಿಳಿಯುವುದೂ ಇಲ್ಲ. ಮುಂದಿನ ವರ್ಷವೂ ಅದೇ ತಪ್ಪು, ಅದರ ಮುಂದಿನ ವರ್ಷವೂ ಅದೇ. ಎಂದಾದರೂ ಒಂದು ದಿನ ಪ್ರಶ್ನೆ ಬಂದರೆ ಉತ್ತರ ಕೊಡಬೇಕಾದವರು ಅವರೊಬ್ಬರೇ. ಕರುಣೆಯೆಂದು ತೋರಿದ ಮೌನದ ಬೆಲೆಯನ್ನು ಕೊನೆಗೆ ತೆರುವವರು ಕರುಣೆಗೆ ಪಾತ್ರರಾದವರೇ.

ಎರಡನೆಯ ದಾರಿ ಭಯದ್ದು. ಕಟ್ಟುನಿಟ್ಟಿನವರೆಂದು ಹೆಸರು ಮಾಡಿದ ಕೆಲವರು ಸರ್ಕಾರಕ್ಕೆ ನಷ್ಟವಾಗುವ ತಪ್ಪುಗಳನ್ನು ಮಾತ್ರ ಹುಡುಕುತ್ತಾರೆ. ಅವು ನೋಟೀಸಿಗೆ ದಾರಿಯಾಗುವ ತಪ್ಪುಗಳು. ಅವನ್ನು ತಿದ್ದಿದರೆ ತನ್ನ ಮೇಲೆ ಮಾತು ಬಾರದು. ತೆರಿಗೆದಾರನಿಗೆ ನಷ್ಟವಾದ ತಪ್ಪನ್ನು ಕುರಿತು ಯಾರೂ ನೋಟೀಸು ಕೊಡುವುದಿಲ್ಲ. ಆದ್ದರಿಂದ ಅದನ್ನು ಹುಡುಕುವ ಆತುರ ಅವರಿಗಿಲ್ಲ. ಈ ಪ್ರಸಂಗದಲ್ಲಿ ಮೊದಲ ಎರಡು ತಪ್ಪುಗಳನ್ನಷ್ಟೇ ತಿದ್ದಿ ಮೂರನೆಯದನ್ನು ಬಿಟ್ಟರೆ ಆದಾಯ 5,53,000 ಆಗಿ, ತೆರಿಗೆ 21,424 ರೂಪಾಯಿಗೆ ಏರುತ್ತದೆ. ಸತ್ಯದ ಹೆಸರಿನಲ್ಲಿ ಆ ವೃದ್ಧೆಯಿಂದ 10,400 ರೂಪಾಯಿಯನ್ನು ಅನ್ಯಾಯವಾಗಿ ಕಿತ್ತುಕೊಂಡಂತಾಗುತ್ತದೆ. ಅರ್ಧ ತಿದ್ದಿದ ಲೆಕ್ಕ ತಿದ್ದದ ಲೆಕ್ಕಕ್ಕಿಂತ ಕ್ರೂರವಾಗಬಹುದು.

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಸತ್ಯಾಣುವ್ರತದ ಐದು ಅತಿಚಾರಗಳ ನಡುವೆ ನ್ಯಾಸಾಪಹಾರವೂ ಬರುತ್ತದೆ. ಅದಕ್ಕೆ ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಕೊಡುವ ವಿವರಣೆ ಇಲ್ಲಿ ನೆನೆಯತಕ್ಕದ್ದು. ಒಬ್ಬನು ಇನ್ನೊಬ್ಬನ ಬಳಿ ಹೊನ್ನನ್ನು ಒತ್ತೆಯಿಟ್ಟಿದ್ದಾನೆ. ಮರಳಿ ಕೇಳುವಾಗ ಎಷ್ಟು ಇಟ್ಟಿದ್ದೆನೆಂಬ ಎಣಿಕೆ ಮರೆತು ಕಡಿಮೆ ಕೇಳುತ್ತಾನೆ. ಇಟ್ಟುಕೊಂಡವನು ಅಷ್ಟೇ ಹೌದೆಂದು ಒಪ್ಪಿ ಕೊಟ್ಟುಬಿಡುತ್ತಾನೆ. ಅವನು ಬಲವಂತದಿಂದ ಏನನ್ನೂ ಕಿತ್ತುಕೊಳ್ಳಲಿಲ್ಲ; ಇನ್ನೊಬ್ಬನ ಮರೆವಿಗೆ ಹೌದೆಂದನಷ್ಟೇ. ಆದರೂ ಅದು ವ್ರತಕ್ಕೆ ಕಳಂಕ, ಅದೂ ಕಳವಿನ ಲೆಕ್ಕದಲ್ಲಲ್ಲದೆ ಅಸತ್ಯದ ಲೆಕ್ಕದಲ್ಲಿ. ತನ್ನ ಹಕ್ಕನ್ನು ಅರಿಯದೆ ಕಡಿಮೆ ಕೇಳುವ ತೆರಿಗೆದಾರನ ಸ್ಥಿತಿ ಆ ಮರೆತವನ ಸ್ಥಿತಿಯೇ ಆಗಿದೆ. ಅವನ ಅಜ್ಞಾನಕ್ಕೆ ಹೌದೆನ್ನುವ ಹಕ್ಕು ಸರ್ಕಾರಕ್ಕೂ ಇಲ್ಲ, ಸಲಹೆಗಾರನಿಗೂ ಇಲ್ಲ.

ಲೌಕಿಕ ಆಡಳಿತವೂ ಇದನ್ನು ಒಪ್ಪಿಕೊಂಡಿರುವುದು ಸಮಾಧಾನದ ವಿಷಯ. ಆಗಿನ ಕೇಂದ್ರ ರಾಜಸ್ವ ಮಂಡಳಿ 1955ರ ಏಪ್ರಿಲ್ 11ರಂದು ಹೊರಡಿಸಿದ 14ನೆಯ ಸುತ್ತೋಲೆಯಲ್ಲಿ, ತೆರಿಗೆದಾರನ ಅಜ್ಞಾನದ ಲಾಭವನ್ನು ಅಧಿಕಾರಿಗಳು ಪಡೆಯಕೂಡದು, ಅವನಿಗೆ ಸಲ್ಲತಕ್ಕ ರಿಯಾಯಿತಿಗಳನ್ನು ಪಡೆಯಲು ಅವರು ನೆರವಾಗಬೇಕು ಎಂಬ ಆಶಯವನ್ನು ತಿಳಿಸಿತು. ತೆರಿಗೆ ವಸೂಲು ಮಾಡುವ ಅಧಿಕಾರಿಗೇ ಈ ಧರ್ಮ ಅನ್ವಯಿಸುವುದಾದರೆ, ತೆರಿಗೆದಾರನೇ ನಂಬಿ ಬಂದ ಸಲಹೆಗಾರನಿಗೆ ಅದು ಎಷ್ಟು ಪಾಲು ಹೆಚ್ಚಾಗಿ ಅನ್ವಯಿಸಬೇಡ? ತಕ್ಕಡಿಯ ಮುಳ್ಳನ್ನು ಒಂದೇ ತಟ್ಟೆಯ ಕಡೆಯಿಂದ ನೋಡುವವನು ತೂಕವನ್ನು ಕಾಣಲಾರ.

ಮೂರನೆಯ ದಾರಿ ಇವೆರಡಕ್ಕಿಂತ ಅಪಾಯಕರ; ಏಕೆಂದರೆ ಅದು ಸಹಾಯದ ವೇಷದಲ್ಲಿ ಬರುತ್ತದೆ. ಮಿತಿ ದಾಟಿರುವುದು 3,000 ರೂ. ಮಾತ್ರ. ಎಲ್ಲಿಯಾದರೂ 3,000 ರೂಪಾಯಿಯ ಒಂದು ಕಡಿತ ದೊರೆತರೆ 11,024 ರೂ. ಉಳಿಯುತ್ತದೆ. ಆರೋಗ್ಯ ವಿಮೆಯಿಲ್ಲದ ಹಿರಿಯ ನಾಗರಿಕರ ವೈದ್ಯಕೀಯ ವೆಚ್ಚಕ್ಕೆ 1961ರ ಕಾಯಿದೆಯ 80ಡಿ ಸೆಕ್ಷನ್ನಿನಲ್ಲಿ 50,000 ರೂ.ವರೆಗೆ ಕಡಿತವಿತ್ತು, ಆದರೆ ಆ ಹಣವನ್ನು ನಗದಾಗಿ ಕೊಟ್ಟಿರಬಾರದು. ರೋಗ ಬರುವ ಮುನ್ನ ಮಾಡಿಸಿಕೊಳ್ಳುವ ಆರೋಗ್ಯ ತಪಾಸಣೆಗೆ ಮಾತ್ರ 5,000 ರೂ.ವರೆಗೆ ನಗದು ಪಾವತಿಯೂ ಸಲ್ಲುತ್ತಿತ್ತು. ಈ ನಿಯಮವನ್ನು ಬಲ್ಲ ಸಲಹೆಗಾರರು ಅದನ್ನು ಕುರಿತು ವಿಚಾರಿಸಲೇಬೇಕು; ವಿಚಾರಿಸದಿದ್ದರೆ ಅದೂ ಕರ್ತವ್ಯಲೋಪವೇ. ಆದರೆ ವಿಚಾರಿಸುವ ಬಗೆ ಎರಡಿದೆ.

"ಅಮ್ಮಾ, ಆ ವರ್ಷ ಆಸ್ಪತ್ರೆಗೆ, ಔಷಧಿಗೆ ಏನೇನು ಖರ್ಚಾಯಿತು? ಹಣವನ್ನು ಹೇಗೆ ಕೊಟ್ಟಿರಿ? ಚೀಟಿಗಳು ಇವೆಯೇ?" ಎಂದು ಕೇಳುವುದು ಒಂದು ಬಗೆ. "ಒಂದು ಮೂರು ಸಾವಿರವನ್ನಾದರೂ ಚೆಕ್ಕಿನಲ್ಲಿ ಕೊಟ್ಟೇ ಇರುತ್ತೀರಿ, ಅಲ್ಲವೇ ಅಮ್ಮಾ? ತಪಾಸಣೆ ಮಾಡಿಸಿಯೇ ಇರುತ್ತೀರಿ, ಅಲ್ಲವೇ?" ಎಂದು ಕೇಳುವುದು ಇನ್ನೊಂದು ಬಗೆ. ಎರಡನೆಯ ಪ್ರಶ್ನೆಯೊಳಗೆ ಉತ್ತರ ಮೊದಲೇ ಕುಳಿತಿದೆ. ಎದುರಿಗೆ ಗಾಬರಿಯಿಂದ ಕುಳಿತ ಹಿರಿಯರು ತಲೆಯಾಡಿಸಿದರೆ ಸಾಕು, ಇಲ್ಲದ ಖರ್ಚೊಂದು ಹುಟ್ಟಿಕೊಳ್ಳುತ್ತದೆ. ಸಲಹೆಗಾರರು ತಾವು ಸುಳ್ಳು ಬರೆಯಲಿಲ್ಲವೆಂದು ಹೇಳಿಕೊಳ್ಳಬಹುದು. ಅವರೇ ಹೇಳಿದರು, ತಾವು ಬರೆದೆವೆನ್ನಬಹುದು. ಆದರೆ ಸೂತ್ರಕಾರರು ಕೂಟಲೇಖಕ್ರಿಯೆಯೆಂದು ಹೆಸರಿಸಿದ ದೋಷ, ಇಲ್ಲದುದನ್ನು ಇದ್ದಂತೆ ಬರಹಕ್ಕೆ ಇಳಿಸುವ ದೋಷ, ಇಲ್ಲಿ ಲೇಖನಿಗಿಂತ ಮೊದಲು ನಾಲಗೆಯ ತುದಿಯಲ್ಲಿಯೇ ಆಗಿಹೋಗಿದೆ. ಅದಕ್ಕಿಂತ ಖೇದಕರವೆಂದರೆ, ಅಂದಿನವರೆಗೆ ಸುಳ್ಳು ಹೇಳದ ಒಬ್ಬರಿಂದ ಸುಳ್ಳು ಹೇಳಿಸಲಾಗಿದೆ. ಇದು ಅನುಮತವನ್ನು ದಾಟಿ ಕಾರಿತವಾಯಿತು. ತಪ್ಪನ್ನು ತಿದ್ದಲೆಂದು ಬಂದವರನ್ನು ತಪ್ಪಿನಿಂದ ಸುಳ್ಳಿಗೆ ದಾಟಿಸಿ ಕಳುಹಿಸಿದಂತಾಯಿತು.

ಇಂಥ ಸಣ್ಣ ತಲೆಯಾಡಿಸುವಿಕೆ ಎಷ್ಟು ದೊಡ್ಡ ರೂಢಿಯಾಗಿ ಬೆಳೆಯಬಹುದೆಂಬುದಕ್ಕೆ ಸಾಕ್ಷಿ ದೂರದಲ್ಲಿಲ್ಲ. 2025ರ ಜುಲೈ 14ರಂದು ಆದಾಯ ತೆರಿಗೆ ಇಲಾಖೆ ದೇಶದ ಹಲವೆಡೆ ಶೋಧ ನಡೆಸಿ, ಕಮಿಷನ್ ಆಸೆಗೆ ಜನರ ಹೆಸರಿನಲ್ಲಿ ಸುಳ್ಳು ಕಡಿತಗಳನ್ನು ಬರೆದು ಮರುಪಾವತಿ ತೆಗೆಸಿಕೊಡುತ್ತಿದ್ದ ಮಧ್ಯವರ್ತಿಗಳನ್ನು ಕುರಿತು ಪ್ರಕಟಣೆ ನೀಡಿತು. ಅದಕ್ಕೆ ಹಿಂದಿನ ನಾಲ್ಕು ತಿಂಗಳಲ್ಲಿ ಸುಮಾರು 40,000 ತೆರಿಗೆದಾರರು ತಮ್ಮ ವಿವರಪಟ್ಟಿಗಳನ್ನು ತಾವೇ ತಿದ್ದಿ, 1,045 ಕೋಟಿ ರೂಪಾಯಿಯ ಸುಳ್ಳು ಕೋರಿಕೆಗಳನ್ನು ಹಿಂತೆಗೆದುಕೊಂಡಿದ್ದರೆಂದೂ ಇಲಾಖೆ ತಿಳಿಸಿತು. ಮರುಪಾವತಿಯ ಮೊತ್ತದಲ್ಲಿ ಪಾಲು ಪಡೆಯುವವನಿಗೆ ಸತ್ಯವಾದ ಅಂಕಿಗಿಂತ ದೊಡ್ಡ ಅಂಕಿ ಪ್ರಿಯವಾಗುವುದು ಸಹಜ. ಆದುದರಿಂದಲೇ 1949ರ ಲೆಕ್ಕಪರಿಶೋಧಕರ ಕಾಯಿದೆ, ಫಲಿತಾಂಶವನ್ನು ಅವಲಂಬಿಸಿದ ಶುಲ್ಕವನ್ನು ಸಾಮಾನ್ಯವಾಗಿ ವೃತ್ತಿ ದುರ್ನಡತೆಯೆಂದು ಎಣಿಸಿತು. ಲೆಕ್ಕ ನೋಡುವವನ ಕೂಲಿ ಲೆಕ್ಕದ ಮೊತ್ತದಿಂದ ದೂರವಿದ್ದಷ್ಟೂ ಅವನ ದೃಷ್ಟಿ ಶುದ್ಧವಾಗಿರುತ್ತದೆ. ಅಪರಿಗ್ರಹವು ಸತ್ಯಕ್ಕೆ ಹೇಗೆ ಕಾವಲು ನಿಲ್ಲುತ್ತದೆಂಬುದಕ್ಕೆ ಇದು ಒಂದು ನಿದರ್ಶನ.

ಇಲ್ಲಿ ಒಂದು ಆಕ್ಷೇಪವನ್ನು ಪ್ರಾಮಾಣಿಕವಾಗಿ ಎದುರಿಸಬೇಕು. 3,000 ರೂಪಾಯಿ ಹೆಚ್ಚಾದುದಕ್ಕೆ 11,024 ರೂಪಾಯಿ ತೆರಿಗೆ ನ್ಯಾಯವೇ? ಕೋಟಿಗಟ್ಟಲೆ ಮುಚ್ಚಿಡುವವರು ನಿಶ್ಚಿಂತರಾಗಿರುವಾಗ ಪಿಂಚಣಿಯಲ್ಲಿ ಬದುಕುವ ವೃದ್ಧೆಯೊಬ್ಬರ ಮೇಲೆ ಈ ಶುದ್ಧತೆಯ ಭಾರವನ್ನು ಹೊರಿಸುವುದು ಧರ್ಮವೇ? ಮೊದಲನೆಯ ಪ್ರಶ್ನೆಗೆ, ಆ ನಿಯಮ ಕಠೋರವಾದುದೆಂದೇ ಒಪ್ಪಬೇಕಾಗುತ್ತದೆ. ಕಠೋರವಾದ ನಿಯಮವನ್ನು ಬಹಿರಂಗವಾಗಿ ಟೀಕಿಸಬಹುದು, ಬದಲಿಸಬೇಕೆಂದು ಕೋರಬಹುದು. ವೃತ್ತಿಯಲ್ಲಿರುವವರು ಅದನ್ನು ಮಾಡಲೂ ಬೇಕು. ಆದರೆ ನಿಯಮದ ಕಠೋರತೆಯನ್ನು ಸುಳ್ಳಿನಿಂದ ಮೃದುಗೊಳಿಸಹೊರಟರೆ ನಿಯಮ ಹಾಗೆಯೇ ಉಳಿಯುತ್ತದೆ, ಸುಳ್ಳು ಮಾತ್ರ ಅದಕ್ಕೆ ಸೇರಿಕೊಳ್ಳುತ್ತದೆ. ಅಸ್ತೇಯವ್ರತದ ಅತಿಚಾರಗಳಲ್ಲಿ ವಿರುದ್ಧರಾಜ್ಯಾತಿಕ್ರಮವೂ ಸೇರಿರುವುದು ಗಮನಾರ್ಹ. ರಾಜ್ಯದ ಕಟ್ಟಳೆಯನ್ನು ಗುಟ್ಟಾಗಿ ದಾಟಿ ಗಳಿಸಿದ್ದು ನ್ಯಾಯವಾಗಿ ಬಂದುದೆನಿಸದೆಂಬ ಎಚ್ಚರ ಅದರಲ್ಲಿದೆ.

ಎರಡನೆಯ ಪ್ರಶ್ನೆಗೆ ಉತ್ತರ ಬೇರೆ. ದೊಡ್ಡವರ ಅಪರಾಧ ಸಣ್ಣವರ ತಪ್ಪಿಗೆ ಅಳತೆಗೋಲಾಗದು. ಹಾಗೆಯೇ ಸಣ್ಣವರ ತಪ್ಪನ್ನು ದೊಡ್ಡವರ ಅಪರಾಧದಂತೆ ಕಾಣುವುದೂ ಸಲ್ಲದು. 1961ರ ಕಾಯಿದೆಗೆ ಸೇರಿಸಲಾದ 270ಎ ಸೆಕ್ಷನ್ ಕೂಡ ಆದಾಯವನ್ನು ಕಡಿಮೆ ತೋರಿಸುವುದಕ್ಕೂ ಸುಳ್ಳಾಗಿ ತೋರಿಸುವುದಕ್ಕೂ ವ್ಯತ್ಯಾಸ ಕಲ್ಪಿಸಿತು. ಮೊದಲನೆಯದಕ್ಕೆ ತೆರಿಗೆಯ ಶೇಕಡ 50, ಎರಡನೆಯದಕ್ಕೆ ಶೇಕಡ 200ರಷ್ಟು ದಂಡ. ಸದ್ಭಾವದಿಂದಾದ ತಪ್ಪಿಗೆ ತೃಪ್ತಿಕರ ವಿವರಣೆ ಕೊಟ್ಟರೆ ದಂಡದಿಂದ ಪಾರಾಗಲೂ ಅದರಲ್ಲಿ ಅವಕಾಶವಿತ್ತು. ದಂಡವಿಲ್ಲದೆ ತಪ್ಪನ್ನು ತಾನೇ ಸರಿಪಡಿಸಿಕೊಳ್ಳಲು ನಿಗದಿತ ಅವಧಿಯೊಳಗೆ ಪರಿಷ್ಕೃತ ವಿವರಪಟ್ಟಿಯನ್ನು ಸಲ್ಲಿಸುವ ದಾರಿ ಬಹಳ ಹಿಂದಿನಿಂದ ಇದೆ. ಅವಧಿ ಮೀರಿದವರಿಗಾಗಿ 2022ರಲ್ಲಿ ಇನ್ನೊಂದು ಬಾಗಿಲು ತೆರೆಯಿತು: ಹೆಚ್ಚುವರಿ ತೆರಿಗೆಯೊಡನೆ ಎರಡು ವರ್ಷಗಳವರೆಗೆ ವಿವರಪಟ್ಟಿಯನ್ನು ನವೀಕರಿಸಬಹುದಾಯಿತು, 2025ರಲ್ಲಿ ಅದನ್ನು ನಾಲ್ಕು ವರ್ಷಗಳಿಗೆ ವಿಸ್ತರಿಸಲಾಯಿತು. ಆದರೆ ಈ ಎರಡನೆಯ ಬಾಗಿಲಿನಿಂದ ತೆರಿಗೆಯನ್ನು ಹೆಚ್ಚಿಸಿಕೊಳ್ಳಬಹುದಾಗಿತ್ತೇ ಹೊರತು ತಗ್ಗಿಸಿಕೊಳ್ಳುವಂತಿರಲಿಲ್ಲ. ಆದುದರಿಂದ ತೆರಿಗೆದಾರನ ಪರವಾದ ತಪ್ಪುಗಳನ್ನು ಬೇಗನೆ ಕಂಡು ಹೇಳುವ ಹೊಣೆ ಸಲಹೆಗಾರನ ಮೇಲೆ ಇನ್ನಷ್ಟು ಹೆಚ್ಚು. ಪರಿಷ್ಕರಣದ ಅವಧಿಯಲ್ಲಿ ಅವನು ಮಾಡಿದ ಆಲಸ್ಯಕ್ಕೆ ಅನಂತರ ಪರಿಹಾರ ಸುಲಭವಲ್ಲ.

ತಪ್ಪು ಕಂಡ ಮೇಲೆ ಅದನ್ನು ತಿದ್ದುವ ಅಧಿಕಾರ ಯಾರದು ಎಂಬುದು ಇನ್ನೊಂದು ಪ್ರಶ್ನೆ. ವಿವರಪಟ್ಟಿ ಆ ಹಿರಿಯರದು, ದೃಢೀಕರಣವೂ ಅವರದು. ಸಲಹೆಗಾರರು ಮೂರು ತಪ್ಪುಗಳನ್ನೂ ಅವರಿಗೆ ಅರ್ಥವಾಗುವ ಮಾತಿನಲ್ಲಿ ಹೇಳಬೇಕು, ತಿದ್ದಿದರೆ ಏನಾಗುತ್ತದೆ, ತಿದ್ದದಿದ್ದರೆ ಏನಾಗಬಹುದು ಎಂಬುದನ್ನು ಏನನ್ನೂ ಮರೆಮಾಚದೆ ಮುಂದಿಡಬೇಕು. ನಿರ್ಧಾರ ಅವರದು. ಅವರ ಮೊಬೈಲಿಗೆ ಬಂದ ಸಂಕೇತ ಸಂಖ್ಯೆಯನ್ನು ಕೇಳಿ ಪಡೆದು, ಏನು ಬದಲಾಯಿತೆಂದು ಹೇಳದೆಯೇ ವಿವರಪಟ್ಟಿಯನ್ನು ಬದಲಿಸಿ ಕಳುಹಿಸುವ ರೂಢಿ, ಅಂಕಿಗಳು ಎಷ್ಟೇ ಸರಿಯಿರಲಿ, ಧರ್ಮಸಮ್ಮತವಲ್ಲ. ತಾನರಿಯದ ಸತ್ಯಕ್ಕೆ ಹಾಕಿದ ಸಹಿಯೂ ತಾನರಿಯದ ಸುಳ್ಳಿಗೆ ಹಾಕಿದ ಸಹಿಯಂತೆಯೇ ಕುರುಡು. ಇನ್ನೊಬ್ಬರ ಆತ್ಮಶುದ್ಧಿಯನ್ನು ಅವರ ಬೆನ್ನ ಹಿಂದೆ ಮಾಡಿಮುಗಿಸಲು ಯಾರಿಂದಲೂ ಸಾಧ್ಯವಿಲ್ಲ.

ಒಂದು ವೇಳೆ ಅವರು ತಿದ್ದಲು ಒಪ್ಪದಿದ್ದರೆ? ಆಗ ಸಲಹೆಗಾರರು ಆ ವಿವರಪಟ್ಟಿಗೆ ತಮ್ಮ ಕೈ ಸೇರಿಸದೆ ವಿನಯದಿಂದ ಹಿಂದೆ ಸರಿಯಬೇಕು. ಸರಿಯಾಗಿದೆ ಎಂಬ ಮಾತನ್ನು ಬಾಯಿಂದಲೂ ಕಾಗದದಲ್ಲಿಯೂ ಕೊಡಕೂಡದು. ಆದರೆ ಇಲಾಖೆಗೆ ತಾವೇ ಹೋಗಿ ಚಾಡಿ ಹೇಳುವುದೂ ಅವರ ಕರ್ತವ್ಯವಲ್ಲ. ಕಾನೂನು ಕೇಳಿದಾಗ ಹೊರತು, ಕಕ್ಷಿದಾರರ ಒಪ್ಪಿಗೆಯಿಲ್ಲದೆ ಅವರ ವಿಷಯವನ್ನು ಹೊರಗೆಡಹುವುದನ್ನು 1949ರ ಕಾಯಿದೆ ದುರ್ನಡತೆಯೆಂದೇ ಎಣಿಸಿತು. ನಂಬಿ ಬಂದವರ ಗುಟ್ಟನ್ನು ಬಯಲು ಮಾಡುವುದಕ್ಕೂ ಆ ಗುಟ್ಟಿನಲ್ಲಿ ಪಾಲುಗಾರನಾಗುವುದಕ್ಕೂ ನಡುವೆ ಒಂದು ಕಿರಿದಾದ ಹಾದಿಯಿದೆ. ಸಮ್ಮತಿಸದಿರುವುದು, ಆದರೆ ದ್ರೋಹ ಮಾಡದಿರುವುದು; ಆ ಹಾದಿಯಲ್ಲಿ ನಡೆಯಬೇಕಾದದ್ದು ಈ ವೃತ್ತಿಯ ಕಷ್ಟವೂ ಹೌದು, ಗೌರವವೂ ಹೌದು.

ತಿದ್ದುವ ಧ್ವನಿಯನ್ನು ಕುರಿತು ಒಂದು ಮಾತು ಉಳಿದಿದೆ. ಬಲ್ಲವನು ಬಲ್ಲದವನ ಕಾಗದವನ್ನು ನೋಡಿ ನಗುವುದು ಸುಲಭ. "ಯಾರು ಹೇಳಿದರು ನಿಮಗೆ ನೀವೇ ತುಂಬಲಿಕ್ಕೆ?" ಎಂಬ ಒಂದು ಮಾತು ಸಾಕು, ಆ ಹಿರಿಯರು ಇನ್ನೆಂದೂ ತಮ್ಮ ಲೆಕ್ಕವನ್ನು ತಾವು ಮುಟ್ಟಲಾರರು. ಅದು ವಾಕ್ಕಿನ ಹಿಂಸೆ. ತಜ್ಞರೂ ತಪ್ಪುತ್ತಾರೆಂಬುದನ್ನು ತಜ್ಞರು ಮರೆಯಬಾರದು. ಜಗತ್ತಿನಲ್ಲೇ ಹೆಸರಾದ ಲೆಕ್ಕಪರಿಶೋಧನ ಸಂಸ್ಥೆಯೊಂದು, ಗ್ರಾಚ್ಯುಟಿಗಾಗಿ ತೆಗೆದಿಟ್ಟ ಒಂದು ಮೊತ್ತ ಕಡಿತಕ್ಕೆ ಅರ್ಹವಲ್ಲವೆಂದು ತನ್ನ ತೆರಿಗೆ ಪರಿಶೋಧನ ವರದಿಯಲ್ಲಿಯೇ ಕಾಣಿಸಿದ್ದರೂ, ತನ್ನ ವಿವರಪಟ್ಟಿಯಲ್ಲಿ ಅದನ್ನು ಆದಾಯಕ್ಕೆ ಸೇರಿಸಲು ಮರೆತಿತ್ತು. 2012ರ ಸೆಪ್ಟೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ, ಇದು ಮನುಷ್ಯಸಹಜವಾದ, ಉದ್ದೇಶವಿಲ್ಲದ ತಪ್ಪೆಂದು ಕಂಡು ದಂಡವನ್ನು ರದ್ದುಪಡಿಸಿತು. ಲೆಕ್ಕವೇ ಕಸುಬಾದವರಿಗೆ ದೊರೆತ ಈ ಕ್ಷಮೆ, ಮೊಮ್ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಲೆಕ್ಕ ಬರೆದ ಅಜ್ಜಿಗೆ ಮೊದಲೇ ದೊರೆಯಬೇಕಾದುದು.

ಕಲ್ಪಿಸಿಕೊಂಡ ಪ್ರಸಂಗಕ್ಕೆ ಮರಳಿದರೆ, ಸಲಹೆಗಾರರು ಬಿಚ್ಚುಮನಸ್ಸಿನ ಪ್ರಶ್ನೆಯನ್ನೇ ಕೇಳಿದರೆಂದು ಭಾವಿಸೋಣ. ಹಿರಿಯರು ನೆನಪು ಮಾಡಿಕೊಂಡು ಹೇಳುತ್ತಾರೆ: ವಿಮೆಯಿಲ್ಲ, ರಕ್ತದೊತ್ತಡದ ಮಾತ್ರೆಗಳಿಗೆ ತಿಂಗಳಿಗೆ ಏಳೆಂಟು ನೂರು ರೂಪಾಯಿ ಖರ್ಚಾಗುತ್ತದೆ, ಆದರೆ ಕೊಟ್ಟದ್ದೆಲ್ಲ ನಗದು, ತಪಾಸಣೆಗೆಂದು ಎಲ್ಲಿಗೂ ಹೋಗಿಲ್ಲ. ಅಂದರೆ ನಿಜವಾಗಿ ಖರ್ಚಾಗಿದೆ, ಕಾನೂನಿನ ಕಣ್ಣಿಗೆ ಮಾತ್ರ ಆಗಿಲ್ಲ. ಆ ಕ್ಷಣ ಇಬ್ಬರಿಗೂ ಕಠಿನವಾದುದು. ಒಂದು ಸಣ್ಣ ಸುಳ್ಳು ಇಲ್ಲಿ ಎಷ್ಟು ನ್ಯಾಯವೆಂಬಂತೆ ತೋರುತ್ತದೆ! ಸಲಹೆಗಾರರು ಆ ಸುಳ್ಳನ್ನು ಸೂಚಿಸುವುದಿಲ್ಲ. ಲೆಕ್ಕವನ್ನು ಕಾಗದದ ಮೇಲೆ ಬಿಡಿಸಿ ತೋರಿಸುತ್ತಾರೆ. ಪಿಂಚಣಿ ಎಲ್ಲಿ ಬರೆಯಬೇಕು, ತೆರಿಗೆ ಹಿಡಿಯದ ಬಡ್ಡಿಯೂ ಏಕೆ ಆದಾಯ, ಹಿರಿಯರಿಗೆ ಇರುವ ವಿನಾಯಿತಿ ಯಾವುದು ಎಂಬುದನ್ನು ತಿಳಿಸುತ್ತಾರೆ. ಆಮೇಲೆ, ಇನ್ನುಮುಂದೆ ಔಷಧಿಯ ಹಣವನ್ನು ಬ್ಯಾಂಕಿನ ಮೂಲಕ ಕೊಡುವಂತೆಯೂ ಚೀಟಿಗಳನ್ನು ಒಂದು ಲಕೋಟೆಯಲ್ಲಿ ಕೂಡಿಡುವಂತೆಯೂ ಹೇಳುತ್ತಾರೆ. ಈ ವರ್ಷ ಸುಳ್ಳಾಗುತ್ತಿದ್ದ ಕಡಿತ ಮುಂದಿನ ವರ್ಷ ಹೀಗೆ ಸತ್ಯವಾಗುತ್ತದೆ.

ಆ ಹಿರಿಯರು 11,024 ರೂಪಾಯಿಯನ್ನು ಕಟ್ಟಿ, ವಿವರಪಟ್ಟಿಯನ್ನು ತಾವೇ ಪರಿಷ್ಕರಿಸಿದರೆ ಅವರು ಕಳೆದುಕೊಂಡದ್ದು ಕಡಿಮೆಯೇನಲ್ಲ. ಅದು ಅವರ ಹತ್ತು ದಿನಗಳ ಪಿಂಚಣಿ. ಪಡೆದುಕೊಂಡದ್ದನ್ನು ರೂಪಾಯಿಯಲ್ಲಿ ಎಣಿಸಲು ಬಾರದು. ನೆರೆಮನೆಗೆ ನೋಟೀಸು ಬಂದ ಸುದ್ದಿ ಕೇಳಿದರೆ ಅವರು ಇನ್ನು ಬೆಚ್ಚಬೇಕಾಗಿಲ್ಲ. ತಾವು ತಿಳಿದಂತೆ, ನಂಬಿದಂತೆ ಎಂಬ ದೃಢೀಕರಣದ ಮಾತು ಅವರ ಪಾಲಿಗೆ ಮತ್ತೆ ನಿಜವಾಯಿತು. ಮುಂದಿನ ಜುಲೈಯಲ್ಲಿ ಅವರು ಯಾರ ನೆರವೂ ಇಲ್ಲದೆ ತಮ್ಮ ಲೆಕ್ಕವನ್ನು ತಾವೇ ಬರೆಯಬಲ್ಲರು. ತಿದ್ದಿದ ಕೈ ಇನ್ನು ಬೇಕಾಗದಂತೆ ತಿದ್ದುವುದೇ ತಿದ್ದುವವನ ಧರ್ಮ.